ಮಳೆಗಾಲ ಕಳೆದ ಮೇಲೆ ದೋಣಿಯ ತಳ ಕೊಳೆತಿರುವುದರ ಬಗ್ಗೆ

ಸಿದ್ದಾಪುರದ ಹೊಳೆಬದಿಯಲ್ಲಿ ಹಳೆ ಕಡವಿನ ಮರದ ದೋಣಿಯನ್ನು ರಿಪೇರಿ ಮಾಡಿಸಿ ಊರಿನ ಪರಂಪರೆ ಕೇಂದ್ರವಾಗಿಸಿದಿರಿ, ಮಳೆಗೆಂದು ಸುತ್ತ ಟಾರ್ಪಾಲು ಬಿಗಿದಿರಿ, ಆದರೂ ಒಂದೇ ಮಳೆಗಾಲಕ್ಕೆ ತಳದ ಹಲಗೆ ಮೆತ್ತಗಾಯಿತು ಎಂದಿದ್ದೀರಿ. ಬಹುಶಃ ತಪ್ಪು ಮರದ್ದಲ್ಲ, ಟಾರ್ಪಾಲಿನದು. ಸುತ್ತಲೂ ಬಿಗಿದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ.

ಮೊದಲು ಟಾರ್ಪಾಲು ಬಿಚ್ಚಿ. ಚೂಪಾದ ಚಾಕುವಿನಿಂದ ಹಲಗೆಗಳನ್ನು ಗೇಣಿಗೊಂದು ಕಡೆ ಚುಚ್ಚಿ ನೋಡಿ. ಸಲೀಸಾಗಿ ಅರ್ಧ ಇಂಚು ಇಳಿದರೆ ಆ ಹಲಗೆ ಬದಲಿಸಬೇಕು, ಮೇಲ್ಮೈಯಷ್ಟೇ ಕಪ್ಪಾಗಿದ್ದರೆ ಕೆರೆದರೆ ಸಾಕು.

ಆಮೇಲೆ ದೋಣಿಯನ್ನು ನೆಲದಿಂದ ಒಂದೂವರೆ ಅಡಿ ಎತ್ತಿ, ಸೈಜುಗಲ್ಲಿನ ಮೇಲೆ ಕೂರಿಸಿ. ಜಂಬಿಟ್ಟಿಗೆ ಬೇಡ, ಅದು ನೀರು ಹೀರುತ್ತದೆ. ಎರಡು ತುದಿಗೆ ಮಾತ್ರ ಆಧಾರ ಕೊಟ್ಟರೆ ನಡು ಜೋತುಬೀಳುತ್ತದೆ. ಪ್ರತಿ ಅಡ್ಡಮರದ ಕೆಳಗೂ ಕೊಡಿ. ತಳದ ತಗ್ಗಿನಲ್ಲಿ ನೀರಿಳಿಯಲು ತೂತು ಇರಲಿ.

ನೆರಳಲ್ಲೇ ಒಣಗಿಸಿ. ಬೆಂಕಿ ಹಾಕಿ ಅವಸರ ಮಾಡಿದರೆ ಹಲಗೆ ಸೀಳುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ, ಆದರೆ ಕಾಫಿ ಕೊಯ್ಲಿನ ನಡುವೆ ಆಳು ಸಿಕ್ಕರೆ ನಿಮ್ಮ ಪುಣ್ಯ!

ಒಣಗಿದ ಮೇಲೆ, ಮತ್ತೆ ಕೊಳೆಯದಂತೆ, 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆ್ಯಸಿಡ್ ಕರಗಿಸಿ ಎರಡು ಸಲ ಬಳಿಯಿರಿ. ಇದು ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ದೋಣಿಗೆ ಮಾಡು (ಚಾವಣಿ) ಹಾಕಿದ ಮೇಲೇ ಬಳಿಯಬೇಕು. ಇಲ್ಲಿನ ಮಳೆ ಓರೆಯಾಗಿ ಹೊಡೆಯುವುದರಿಂದ ಮಾಡಿನ ಅಂಚು ದೋಣಿಯಿಂದ ನಾಲ್ಕಡಿಯಾದರೂ ಹೊರಚಾಚಲಿ. ಅದೂ ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಗೆ ಸಮ ಟರ್ಪಂಟೈನ್ ಬೆರೆಸಿ ಹಚ್ಚಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಹೊತ್ತಿಕೊಳ್ಳಬಹುದು, ನೀರಲ್ಲಿ ಅದ್ದಿಡಿ.

ಮಕ್ಕಳು ನೋಡಲು ಪಕ್ಕದಲ್ಲಿ ಪ್ರತ್ಯೇಕ ಕಂಬಗಳ ಮೇಲೆ ಅಟ್ಟಣಿಗೆ ಕಟ್ಟಿಸಿ, ದೋಣಿಯ ಮೇಲೆ ಭಾರ ಬೀಳದಂತೆ. ಕೇಂದ್ರದ ಹಳೆ ಫೋಟೋಗಳನ್ನು ದೋಣಿಯೊಳಗೆ ಇಡಬೇಡಿ, ತೇವ ತಾಗುತ್ತದೆ.