ಓದುಗರ ಪ್ರಶ್ನೆ: ಪಂಪ್ ನಡೆಸುವವನು ಮೀಟಿಂಗ್‌ನಲ್ಲಿ ಏನು ಮಾತಾಡಬೇಕು?

ಪ್ರಶ್ನೆ: ನನ್ನ ತಮ್ಮ ಗಣಿಗಳಿಗೆ ಎಮಲ್ಷನ್ ಸ್ಫೋಟಕ ಮಾಡಿಕೊಡುವ ಪ್ಲಾಂಟ್‌ನಲ್ಲಿ ಪಂಪ್ ಆಪರೇಟರ್. ಓದಿದ್ದು ಐಟಿಐ. ಮುಂದಿನ ವಾರ ಮೂರು ದಿನ ಹ್ಯಾಝಾಪ್ ಮೀಟಿಂಗ್‌ಗೆ ಬಾ ಅಂದಿದ್ದಾರಂತೆ. ಇಂಜಿನಿಯರುಗಳ ಮಧ್ಯೆ ಕೂತು ನಾನೇನು ಹೇಳಲಿ ಅಂತ ಹೆದರಿದ್ದಾನೆ. ಇದು ಸುಮ್ನೆ ಆಡಿಟ್‌ಗೆ ಕಾಗದ ತುಂಬಿಸುವ ಕೆಲಸ ಅಲ್ವಾ?
– ಹೆಸರು ಬೇಡ, ಸಂಡೂರು

ಉತ್ತರ: ಅಲ್ಲ. ನಿಮ್ಮ ತಮ್ಮ ಖಂಡಿತ ಹೋಗಲಿ, ಹೋಗಿ ಬಾಯಿಬಿಟ್ಟು ಮಾತಾಡಲಿ.

ಹ್ಯಾಝಾಪ್ ಅನ್ನೋದು 1960ರ ದಶಕದಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಬೆಳೆದ ಪದ್ಧತಿ. ಪ್ಲಾಂಟ್‌ನ ಡ್ರಾಯಿಂಗ್ ಮೇಜಿನ ಮೇಲೆ ಹರಡಿ, ಒಂದೊಂದು ಪೈಪಿನ ಮೇಲೂ ಬೆರಳಿಟ್ಟು ಕೇಳುತ್ತಾ ಹೋಗುತ್ತಾರೆ. ಇಲ್ಲಿ ಹರಿವು ನಿಂತರೆ? ಜಾಸ್ತಿಯಾದರೆ? ಹಿಂದಕ್ಕೆ ಹರಿದರೆ? ಬಿಸಿ ಏರಿದರೆ? ಹಾಗಾಗಲು ಕಾರಣ ಏನು, ಆದರೆ ಗತಿ ಏನು, ತಡೆಯೋಕೆ ಈಗ ಏನಿದೆ, ಅದು ಸಾಕಾ ಅಂತ ಪ್ರತಿ ಸಲವೂ ಬರೆದುಕೊಳ್ಳುತ್ತಾರೆ.

ಅವನ ಪಂಪನ್ನೇ ತಗೊಳ್ಳಿ. ಎಮಲ್ಷನ್ ಅಂದ್ರೆ ಗ್ರೀಸಿನ ಹಾಗೆ ದಪ್ಪ, ಅಮೋನಿಯಂ ನೈಟ್ರೇಟ್ ದ್ರಾವಣಕ್ಕೆ ಎಣ್ಣೆ ಸೇರಿಸಿ ಮಾಡಿದ್ದು. ಮುಂದಿನ ವಾಲ್ವ್ ಮುಚ್ಚಿದೆ, ಪಂಪ್ ಮಾತ್ರ ತಿರುಗುತ್ತಿದೆ ಅಂದುಕೊಳ್ಳಿ. ಒಳಗಿನ ಮಾಲು ಎಲ್ಲಿಗೂ ಹೋಗಲ್ಲ, ಅಲ್ಲೇ ಅರೆದುಕೊಂಡು ಕೂರುತ್ತೆ, ಮೋಟಾರಿನ ಶಕ್ತಿಯೆಲ್ಲ ಬಿಸಿಯಾಗಿ ಅದರೊಳಗೇ ಸೇರುತ್ತೆ. ಹೊಲದ ಪಂಪ್ ಆಗಿದ್ದರೆ ಮೋಟಾರು ಸುಡುತ್ತಿತ್ತು ಅಷ್ಟೇ. ಇಲ್ಲಿ ಪಂಪೇ ಸಿಡಿಯಬಹುದು, ಹಾಗೆ ಸಿಡಿದು ಜನ ಸತ್ತದ್ದೂ ಇದೆ. ಮಾಲು ಬರದೆ ಪಂಪ್ ಒಣಗಿ ತಿರುಗಿದರೂ ಅಷ್ಟೇ ಅಪಾಯ. ಅದಕ್ಕೇ ಹರಿವು ಕಡಿಮೆಯಾದರೆ, ಒತ್ತಡ ಏರಿದರೆ, ಬಿಸಿ ಏರಿದರೆ ತಾನೇ ನಿಲ್ಲಿಸುವ ಟ್ರಿಪ್‌ಗಳು, ಒತ್ತಡ ಮೀರಿದರೆ ಒಡೆದು ದಾರಿ ಬಿಡುವ ಬರ್ಸ್ಟಿಂಗ್ ಡಿಸ್ಕ್ ಇರುತ್ತವೆ.

ಡ್ರಾಯಿಂಗ್‌ನಲ್ಲಿ ಇರುತ್ತವೆ. ನಾನು ಕೂತಿದ್ದ ಒಂದು ಮೀಟಿಂಗ್‌ನಲ್ಲಿ ಇದೇ ಪ್ರಶ್ನೆ ಬಂತು. ಟ್ರಿಪ್ ಇದೆಯಲ್ಲ ಅಂತ ಬರೆದು ಮುಂದಿನ ಪೈಪಿಗೆ ಹೋಗುವುದರಲ್ಲಿದ್ದೆವು. ಗೋಡೆ ಹತ್ತಿರ ಕೂತಿದ್ದ ಹೆಲ್ಪರ್ ಒಬ್ಬ ಮೆಲ್ಲಗೆ ಅಂದ: "ಸರ, ಅದು ಮ್ಯಾಲಿಂದ ಮ್ಯಾಲ ಬೀಳ್ತದಂತ ನೈಟ್ ಶಿಫ್ಟ್‌ನ್ಯಾಗ ವೈರ್ ಹಾಕಿ ಬೈಪಾಸ್ ಮಾಡ್ಯಾರ್ರಿ." ಎಲ್ಲರೂ ಎದ್ದು ಪ್ಯಾನೆಲ್ ಹತ್ತಿರ ಹೋದೆವು. ಒಂದು ಗೇಣು ಕೆಂಪು ವೈರು, ಎರಡು ಟರ್ಮಿನಲ್ ನಡುವೆ. ಮೇಲೆ ಧೂಳು ಬೇರೆ ಕೂತಿತ್ತು, ಅಂದ್ರೆ ನಿನ್ನೆ ಮೊನ್ನೆ ಹಾಕಿದ್ದಲ್ಲ. ಆ ವೈರು ಯಾವ ಇಂಜಿನಿಯರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಿಮ್ಮ ತಮ್ಮ ಹೇಳಬೇಕಾದದ್ದು ಇಂಥದ್ದನ್ನು. ಯಾವ ವಾಲ್ವ್ ಬಿಗಿ, ಯಾವ ಮೀಟರ್ ಸುಳ್ಳು ಹೇಳುತ್ತೆ, ಯಾವ ಅಲಾರಾಂ ಹೊಡೆದರೆ ಯಾರೂ ತಿರುಗಿ ನೋಡಲ್ಲ.

ಇನ್ನೊಂದು ಮಾತು. ಮೀಟಿಂಗ್ ಮುಗಿದ ಮೇಲೆ ಪ್ಲಾಂಟ್‌ನಲ್ಲಿ ಏನೇ ಬದಲಾದರೂ ಮತ್ತೆ ಕೂರಬೇಕು, 'ತಾತ್ಕಾಲಿಕ' ಅಂದರೂ ಬಿಡಬಾರದು. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಒಂದು ರಿಯಾಕ್ಟರ್ ತೆಗೆದು, ಆ ಜಾಗಕ್ಕೆ ತಾತ್ಕಾಲಿಕ ಪೈಪ್ ಹಾಕಿದ್ದರು. ಸರಿಯಾದ ಲೆಕ್ಕಾಚಾರ ಇರಲಿಲ್ಲ, ಡ್ರಾಯಿಂಗ್ ಅಂತ ಇದ್ದದ್ದು ವರ್ಕ್‌ಶಾಪ್ ನೆಲದ ಮೇಲಿನ ಸೀಮೆಸುಣ್ಣದ ಗೀಟು. ಆ ಪೈಪ್ ಹೋಯಿತು, 28 ಜನ ಸತ್ತರು. ಅದು ಸ್ಫೋಟಕದ ಫ್ಯಾಕ್ಟರಿಯೂ ಅಲ್ಲ, ನೈಲಾನ್‌ಗೆ ಕಚ್ಚಾ ವಸ್ತು ಮಾಡುವಂಥದ್ದು.

ಮಾತಾಡಿದರೆ ಕೆಲಸಕ್ಕೆ ಕುತ್ತು ಬರುತ್ತಾ ಅನ್ನೋ ಭಯ ನನಗೆ ಅರ್ಥವಾಗುತ್ತೆ. ಭೋಪಾಲ್ ಆದ ಮೇಲೆ, 1987ರಲ್ಲಿ, ಅಪಾಯ ಕಂಡರೆ ಮೇಲಿನವರಿಗೆ ಹೇಳುವ ಕಾರ್ಮಿಕರ ಹಕ್ಕನ್ನು ಕಾರ್ಖಾನೆ ಕಾಯ್ದೆಗೇ ಸೇರಿಸಿದರು. ಅದು ಅವನಿಗೆ ಗೊತ್ತಿರಲಿ.

ಪ್ರಶ್ನೆ: ಎಲ್ಲಾ ಎಚ್ಚರಿಕೆ ತಗೊಂಡರೆ ಅಪಾಯ ಸೊನ್ನೆ ಆಗುತ್ತಾ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಆಗಲ್ಲಪ್ಪ. ಅದಕ್ಕೇ ಈ ಕೆಲಸದಲ್ಲಿ ಎರಡು ಲೆಕ್ಕ. ಸಿಡಿಯದಂತೆ ಏನು ಮಾಡಬೇಕು ಅನ್ನೋದು ಒಂದು. ಸಿಡಿದೇ ಬಿಟ್ಟರೆ ಅಲ್ಲಿ ಎಷ್ಟು ಜನ, ಎಷ್ಟು ಮಾಲು ಇರುತ್ತೆ ಅನ್ನೋದು ಇನ್ನೊಂದು. ಶೆಡ್‌ಗಳ ಮಧ್ಯೆ ಅಷ್ಟು ದೂರ, ಸುತ್ತ ಮಣ್ಣಿನ ದಿಬ್ಬ, ಬಾಗಿಲ ಮೇಲೆ 'ಇಷ್ಟೇ ಜನ, ಇಷ್ಟೇ ಕೆಜಿ' ಅನ್ನೋ ಬೋರ್ಡು, ಎಲ್ಲ ಎರಡನೇ ಲೆಕ್ಕದ್ದು.

ಹಿಂದೆ ಸ್ಕಾಟ್ಲೆಂಡಿನ ಆರ್ಡೀರ್‌ನಲ್ಲಿದ್ದ ನೊಬೆಲ್ ಫ್ಯಾಕ್ಟರಿಯಲ್ಲಿ ನೈಟ್ರೋಗ್ಲಿಸರಿನ್ (ಬಿಸಿ ಏರಿದರೆ ಸಿಡಿಯುವ ಸ್ಫೋಟಕ ದ್ರವ) ತಯಾರಾಗುವುದನ್ನು ನೋಡಿಕೊಳ್ಳುವವನಿಗೆ ಒಂಟಿ ಕಾಲಿನ ಸ್ಟೂಲ್ ಕೊಡುತ್ತಿದ್ದರು. ತೂಕಡಿಸಿದರೆ ಬೀಳುತ್ತಾನೆ, ಎಚ್ಚರವಾಗುತ್ತಾನೆ, ಥರ್ಮಾಮೀಟರ್ ನೋಡುತ್ತಾನೆ ಅಂತ. ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ಹೊಟ್ಟೆ ಚುರುಕ್ ಅನ್ನುತ್ತೆ. ಸ್ಟೂಲಿನಿಂದ ಪಾತ್ರೆಯೊಳಗಿನ ಮಾಲು ಒಂದು ಗ್ರಾಂ ಕೂಡ ಕಡಿಮೆಯಾಗಲಿಲ್ಲ ನೋಡಿ. ಮುಂದೆ ಬಂದ ನಿರಂತರ ಪದ್ಧತಿಯಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಮಾಲು ಇರುವಂತೆ ಮಾಡಿದರು, ಜನರನ್ನು ಗೋಡೆಯಾಚೆ ದೂರ ಕಳಿಸಿದರು. ನೀವು ಕಲಿಯಬೇಕಾದ ಇಂಜಿನಿಯರಿಂಗ್ ಅದು.

ಪ್ರಶ್ನೆ: ನಮ್ಮ ಯಜಮಾನರು ತೆಲಂಗಾಣದ ಡಿಟೋನೇಟರ್ ಫ್ಯಾಕ್ಟರಿಯಲ್ಲಿದ್ದಾರೆ. ಟೆರಿಕಾಟ್ ಬಟ್ಟೆ ಹಾಕಬಾರದು ಅಂತಾರಂತೆ, ನಿಜವಾ?
– ಗೃಹಿಣಿ, ರಾಯಚೂರು

ಉತ್ತರ: ನಿಜ ಅಮ್ಮ. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಒಣಗಿದಾಗ ಟೆರಿಕಾಟ್ ಅಂಗಿ ಬಿಚ್ಚಿದರೆ ಚಟಚಟ ಅನ್ನುತ್ತಲ್ಲ, ಡಿಟೋನೇಟರ್ ಒಳಗಿನ ಮದ್ದಿಗೆ ಅಂಥ ಕಿಡಿಯೇ ಸಾಕಾಗಬಹುದು. ಬನಿಯನ್, ಸಾಕ್ಸ್ ಕೂಡ ಹತ್ತಿಯದ್ದೇ ಇರಲಿ.