ಓದುಗರ ಪ್ರಶ್ನೆ: ಚಿತ್ರವಿಲ್ಲದ ಆಟಕ್ಕೆ ಹೊಸಬರು

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ಚಿತ್ರಗಳಿಲ್ಲದೆ ಬರೀ ಬರಹದಲ್ಲಿ ನಡೆಯುವ, ಏಕಕಾಲಕ್ಕೆ ಅನೇಕರು ಆಡುವ ‘ಮಡ್’ ಆಟಗಳ ಬಗ್ಗೆ ಹಾಸ್ಟೆಲಿನ ಹಿರಿಯರೊಬ್ಬರು ಹೇಳಿದರು. ಆರ್ಡ್‌ವುಲ್ಫ್ ಎಂಬ ಆಟಕ್ಕೆ ಸೇರಿ ಹೆಸರು ಕೊಟ್ಟೆ. ಕೂಡಲೇ ಪರದೆಯ ಮೇಲೆ ಬಣ್ಣಬಣ್ಣದ ಸಾಲುಗಳು ಓಡತೊಡಗಿದವು. ಏನು ಮಾಡಬೇಕೆಂದು ತೋಚದೆ ಮುಚ್ಚಿಬಿಟ್ಟೆ. ಎಲ್ಲಿಂದ ಆರಂಭಿಸಲಿ?
– ಎಸ್. ಕೆ., ದಾವಣಗೆರೆ

ಉತ್ತರ: ಆ ಸಾಲುಗಳಲ್ಲಿ ಹೆಚ್ಚಿನವು ನಿಮಗಾಗಿ ಬಂದವಲ್ಲ ಎಂದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ. ನೀವು ನಿಂತಿರುವ ಜಾಗದ ವರ್ಣನೆ, ಆ ಜಾಗದಲ್ಲಿ ಈಗ ನಡೆಯುತ್ತಿರುವ ಘಟನೆ, ದೂರದೂರದಲ್ಲಿರುವ ಇತರ ಆಟಗಾರರ ಹರಟೆ, ಈ ಮೂರೂ ಒಂದೇ ಪರದೆಯಲ್ಲಿ ಬೆರೆತು ಹರಿಯುತ್ತವೆ. ಹರಟೆಯು ‘ಚಾನೆಲ್’ಗಳ ಮೂಲಕ ಬರುತ್ತದೆ. ಚಾನೆಲಿನ ಹೆಸರನ್ನಷ್ಟೇ ಟೈಪ್ ಮಾಡಿ ಎಂಟರ್ ಒತ್ತಿದರೆ ಬಹಳಷ್ಟು ಆಟಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ತೆರೆದುಕೊಳ್ಳುತ್ತದೆ. ಹೊಸಬರಿಗೆಂದೇ ಇರುವ ‘ನ್ಯೂಬಿ’ ಚಾನೆಲ್ ಒಂದನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಮೊದಲ ದಿನವೇ ಮುಚ್ಚಿಬಿಡಿ.

ಆಜ್ಞೆಗಳ ವಿಷಯಕ್ಕೆ ಬರುವ ಮುನ್ನ ಅವುಗಳ ಮೂಲವನ್ನು ಒಂದಿಷ್ಟು ತಿಳಿದಿರುವುದು ಒಳ್ಳೆಯದು, ಏಕೆಂದರೆ ಇದರಿಂದ ಮುಂದೆ ಕಲಿಯುವ ಕೆಲಸ ಕಡಿಮೆಯಾಗುತ್ತದೆ. ಮೊದಲ ಮಡ್ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಅದನ್ನು ಆರಂಭಿಸಿದರು, ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಆದರೆ ನೀವು ಸೇರಿರುವ ಆಟದ ವಂಶ ಡೆನ್ಮಾರ್ಕಿನದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು 1990ರ ಆಸುಪಾಸಿನಲ್ಲಿ ‘ಡಿಕುಮಡ್’ ಎಂಬ ಆಟವನ್ನು ಬರೆದು, ಅದರ ಮೂಲ ಪ್ರೋಗ್ರಾಮನ್ನೇ ಹಂಚಿದರು. ಅದನ್ನು ತಿದ್ದಿ ತೀಡಿ ಕಟ್ಟಿದ ಆಟಗಳು ಅಸಂಖ್ಯ. ಹೀಗಾಗಿ ಒಂದರಲ್ಲಿ ಕಲಿತ ಆಜ್ಞೆ ಅದೇ ವಂಶದ ಇನ್ನೊಂದರಲ್ಲಿಯೂ ಬಹುಪಾಲು ನಡೆಯುತ್ತದೆ. ಆ ಪ್ರೋಗ್ರಾಮನ್ನು ಲಾಭಕ್ಕಾಗಿ ಬಳಸಬಾರದೆಂದು ಅಂದಿನ ಪರವಾನಗಿಯಲ್ಲಿ ಷರತ್ತು ಇದ್ದುದರಿಂದ ಈ ವಂಶದ ಆಟಗಳಲ್ಲಿ ಹೆಚ್ಚಿನವು ಇಂದಿಗೂ ಉಚಿತವಾಗಿವೆ.

ಈಗ ಆಜ್ಞೆಗಳು. ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಸುತ್ತ ನೋಡಲು ‘ಲುಕ್’, ನಡೆಯಲು ದಿಕ್ಕಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ, ಕೈಯಲ್ಲೇನಿದೆ ಎಂದು ತಿಳಿಯಲು ‘ಇನ್ವೆಂಟರಿ’, ನಿಮ್ಮ ಸ್ಥಿತಿಗತಿ ತಿಳಿಯಲು ‘ಸ್ಕೋರ್’, ಯಾರು ಯಾರು ಆಡುತ್ತಿದ್ದಾರೆಂದು ತಿಳಿಯಲು ‘ಹೂ’, ಎದುರಿಗಿರುವವರೊಡನೆ ಮಾತಾಡಲು ‘ಸೇ’, ಎಲ್ಲೋ ಇರುವ ಒಬ್ಬರಿಗೇ ಗುಟ್ಟಾಗಿ ಹೇಳಲು ‘ಟೆಲ್’. ಇಷ್ಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು. ಉಳಿದುದಕ್ಕೆ ‘ಹೆಲ್ಪ್’ ಇದೆ. ಅದರ ಮುಂದೆ ಯಾವುದೇ ಆಜ್ಞೆಯ ಹೆಸರನ್ನು ಸೇರಿಸಿದರೆ ಅದರ ವಿವರಣೆ ಬರುತ್ತದೆ. ನ್ಯೂಬಿ ಚಾನೆಲಿನಲ್ಲಿ ಪ್ರಶ್ನೆ ಕೇಳುವ ಮುನ್ನ ‘ಹೆಲ್ಪ್’ ಓದಿ ಬಂದವರಿಗೆ ಸಿಗುವ ಉತ್ತರದ ಗುಣವೇ ಬೇರೆ ಇರುತ್ತದೆ. ಸಾಲಿನ ಕೊನೆಯಲ್ಲಿ ಕಾಣುವ ಮೂರು ಸಂಖ್ಯೆಗಳನ್ನು ಪ್ರಾಂಪ್ಟ್ ಎನ್ನುತ್ತಾರೆ. ಡಿಕು ವಂಶದಲ್ಲಿ ಅವು ಸಾಮಾನ್ಯವಾಗಿ ಪ್ರಾಣಬಲ, ಮಂತ್ರಬಲ ಮತ್ತು ನಡೆಯುವ ಶಕ್ತಿಯನ್ನು ತೋರಿಸುತ್ತವೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಆಜ್ಞೆಗಳಲ್ಲಲ್ಲ, ಓದುವುದರಲ್ಲಿ. ಚಿತ್ರವಿರುವ ಆಟಗಳಲ್ಲಿ ಕಣ್ಣು ತಾನಾಗಿಯೇ ಬಾಗಿಲನ್ನು ಹುಡುಕಿಕೊಳ್ಳುತ್ತದೆ. ಇಲ್ಲಿ ಜಾಗದ ವರ್ಣನೆಯ ನಾಲ್ಕೈದು ಸಾಲುಗಳೇ ಕಣ್ಣು. ಗೋಡೆಯ ಮೇಲೊಂದು ಫಲಕವಿದೆ ಎಂದು ವರ್ಣನೆಯಲ್ಲಿದ್ದರೆ ಆ ಫಲಕವನ್ನು ‘ಲುಕ್’ ಮಾಡಿ; ಬಾವಿಯಿದೆ ಎಂದಿದ್ದರೆ ಬಾವಿಯನ್ನೂ ನೋಡಿ. ವರ್ಣನೆ ಬರೆದವರು ನಾಮಪದಗಳನ್ನು ಸುಮ್ಮನೆ ಎಸೆದಿರುವುದಿಲ್ಲ. ಮುಂದಿನ ದಾರಿ, ಅಡಗಿದ ಬಾಗಿಲು, ಅಪಾಯದ ಸೂಚನೆ ಅವುಗಳಲ್ಲಿಯೇ ಇರುತ್ತದೆ. ಆದುದರಿಂದ ಮೊದಲ ಕೆಲವು ಗಂಟೆ ಯಾರೊಂದಿಗೂ ಕಾದಾಡಬೇಡಿ ಎಂಬುದೇ ನನ್ನ ಸಲಹೆ. ಆರಂಭದ ಜಾಗದಿಂದ ಹೊರಟು ಪೇಟೆ, ಅಂಗಡಿ, ನೀರು ಸಿಗುವ ತಾಣ ಇವನ್ನು ಗುರುತಿಸಿಕೊಂಡು ಮರಳಿ ಬನ್ನಿ. ಕಾಗದದ ಮೇಲೆ ಚೌಕಗಳನ್ನೆಳೆದು ನಕ್ಷೆ ಬರೆದುಕೊಳ್ಳುವ ಹಳೆಯ ಪದ್ಧತಿಯನ್ನು ನಾನು ಈಗಲೂ ಮೆಚ್ಚುತ್ತೇನೆ. ನಕ್ಷೆಯನ್ನು ತಾನೇ ಬಿಡಿಸಿಕೊಡುವ ತಂತ್ರಾಂಶದಿಂದ ದಾರಿ ಸಿಗುತ್ತದೆಯೇ ಹೊರತು ಊರು ತಲೆಯಲ್ಲಿ ಉಳಿಯುವುದಿಲ್ಲ. ಆರ್ಡ್‌ವುಲ್ಫಿನಲ್ಲಂತೂ ಹೊಸಬರಿಗೆಂದೇ ‘ಅಕಾಡೆಮಿ’ ಎಂಬ ಶಾಲೆಯಿದೆ. ಬೇಗ ಹೊರಬರುವ ಆತುರದಲ್ಲಿ ಅದನ್ನು ಬಿಟ್ಟುಬಿಡುವವರು ಆಮೇಲೆ ಅಲ್ಲಿ ಹೇಳಿಕೊಡುವ ಸಂಗತಿಗಳನ್ನೇ ಚಾನೆಲಿನಲ್ಲಿ ಕೇಳುತ್ತಿರುತ್ತಾರೆ.

ಕಾದಾಟಕ್ಕೆ ಇಳಿಯುವಾಗ ಎರಡು ಆಜ್ಞೆಗಳನ್ನು ನೆನಪಿಡಿ. ‘ಕನ್ಸಿಡರ್’ ಎಂದು ಎದುರಾಳಿಯ ಹೆಸರನ್ನು ಸೇರಿಸಿದರೆ ನಿಮಗೂ ಅದಕ್ಕೂ ಇರುವ ಬಲದ ಅಂತರವನ್ನು ಆಟ ಒಂದು ಸಾಲಿನಲ್ಲಿ ತಿಳಿಸುತ್ತದೆ. ಡಿಕು ವಂಶದಲ್ಲಿ ಈ ಉತ್ತರಗಳು ‘ಸೂಜಿಯಿಂದಲೇ ಕೊಲ್ಲಬಹುದು’ ಎಂಬಲ್ಲಿಂದ ‘ನಿನಗೆ ಹುಚ್ಚೇ?’ ಎಂಬ ಧಾಟಿಯವರೆಗೆ ಇರುತ್ತವೆ. ಎರಡನೆಯದು ಬಂದಾಗ ಅದು ತಮಾಷೆಯೆಂದು ತಿಳಿಯಬೇಡಿ. ಇನ್ನೊಂದು ‘ವಿಂಪಿ’. ಪ್ರಾಣಬಲ ಇಂತಿಷ್ಟಕ್ಕೆ ಇಳಿದೊಡನೆ ಪಾತ್ರ ತಾನಾಗಿಯೇ ಓಡಿಹೋಗುವಂತೆ ಅದು ಮಾಡುತ್ತದೆ. ಒಟ್ಟು ಬಲದ ಕಾಲುಭಾಗದಷ್ಟನ್ನು ಅದಕ್ಕೆ ಗೊತ್ತುಮಾಡಿದರೆ ಆರಂಭಕ್ಕೆ ಸರಿಹೋಗುತ್ತದೆ. ಓಡುವುದು ಯಾವ ದಿಕ್ಕಿಗೆ ಎಂಬುದು ಮಾತ್ರ ನಿಮ್ಮ ಕೈಯಲ್ಲಿರುವುದಿಲ್ಲ.

ಆಡಲು ‘ಮಡ್‌ಲೆಟ್’ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಿ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಹಲವು ಆಟಗಳ ಪಟ್ಟಿಯನ್ನೂ ಜೊತೆಗೇ ಹೊತ್ತುಬರುತ್ತದೆ. ಉದ್ದದ ಆಜ್ಞೆಗಳನ್ನು ಚಿಕ್ಕದಾಗಿಸುವ ‘ಅಲಿಯಾಸ್’, ಒಂದು ಸಾಲು ಬಂದೊಡನೆ ಇನ್ನೊಂದನ್ನು ತಾನೇ ಕಳಿಸುವ ‘ಟ್ರಿಗರ್’ ಮುಂತಾದ ಸೌಲಭ್ಯಗಳು ಅದರಲ್ಲಿವೆ. ನೀವು ಎಂಜಿನಿಯರಿಂಗ್ ವಿದ್ಯಾರ್ಥಿಯಾದುದರಿಂದ ಅತ್ತ ಕೈ ಎಳೆಯುವುದು ಸಹಜ. ಆದರೆ ಆಜ್ಞೆಗಳು ಬೆರಳಿಗೆ ಹತ್ತುವ ತನಕ ಅವನ್ನು ಮುಟ್ಟದಿರುವುದು ಮೇಲು. ಪಕ್ಕದಲ್ಲಿ ನೀವಿಲ್ಲದೆ ಟ್ರಿಗರ್‌ಗಳೇ ಆಡುವಂತೆ ಬಿಡುವುದನ್ನು ಬಹುತೇಕ ಎಲ್ಲ ಆಟಗಳೂ ನಿಷೇಧಿಸಿವೆ.

ಪ್ರಶ್ನೆ: ನಮ್ಮದು ಮಲೆನಾಡಿನ ಹಳ್ಳಿ. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅಮೆರಿಕದ ಸರ್ವರಿನಲ್ಲಿರುವ ಆಟವನ್ನು ಇಲ್ಲಿಂದ, ಅದೂ ಮೊಬೈಲಿನಲ್ಲಿ ಆಡಲು ಸಾಧ್ಯವೇ?
– ಜಿ. ಹೆಗಡೆ, ಸಿದ್ದಾಪುರ

ಉತ್ತರ: ಸಾಧ್ಯ. ಬರೀ ಅಕ್ಷರಗಳು ಓಡಾಡುವುದರಿಂದ ಡೇಟಾ ಖರ್ಚು ತೀರಾ ಕಡಿಮೆ. ಡಿಕು ವಂಶದ ಆಟಗಳಲ್ಲಿ ಏಟಿನ ಸುತ್ತುಗಳು ಸಾಮಾನ್ಯವಾಗಿ ಎರಡು ಮೂರು ಸೆಕೆಂಡಿಗೊಮ್ಮೆ ನಡೆಯುವುದರಿಂದ ಸಂದೇಶ ಅಮೆರಿಕಕ್ಕೆ ಹೋಗಿ ಬರುವ ಅಲ್ಪ ವಿಳಂಬ ಅಡ್ಡಿಯಾಗುವುದಿಲ್ಲ. ಆಟಗಾರರೇ ಪರಸ್ಪರ ಕಾದಾಡುವ ಅಕೀಯಾದಂಥ ಆಟಗಳಲ್ಲಿ ಕ್ಷಣಗಳ ಲೆಕ್ಕವಿರುವುದರಿಂದ ಅಲ್ಲಿ ಅಂಥ ಕಾಳಗದಿಂದ ದೂರವಿರಿ. ನಿಜವಾದ ತೊಂದರೆ ಸಂಪರ್ಕ ಕಡಿದುಹೋಗುವುದು. ಆಗ ನಿಮ್ಮ ಪಾತ್ರ ಕೂಡಲೇ ಮಾಯವಾಗದೆ ‘ಲಿಂಕ್‌ಡೆಡ್’ ಎಂಬ ಸ್ಥಿತಿಯಲ್ಲಿ ಅಲ್ಲಿಯೇ ನಿಂತಿರುತ್ತದೆ, ಕಾದಾಟದ ನಡುವೆ ಇದ್ದರೆ ಏಟನ್ನೂ ತಿನ್ನುತ್ತಿರುತ್ತದೆ. ಮೋಡ ಕವಿದ ದಿನ ಗುಹೆಯೊಳಗೆ ಇಳಿಯದೆ ಊರೊಳಗೇ ಇರುವುದು ಲೇಸು.

ಮೊಬೈಲಿನಲ್ಲಿ ಪದಗಳನ್ನು ತಾನೇ ತಿದ್ದುವ ಸೌಲಭ್ಯವನ್ನು ಮೊದಲು ತೆಗೆದುಹಾಕಿ, ಇಲ್ಲವಾದರೆ ನಿಮ್ಮ ಆಜ್ಞೆಗಳು ಇಂಗ್ಲಿಷ್ ಪ್ರಬಂಧವಾಗುತ್ತವೆ. ಅಕೀಯಾ ಸೇರಿದಂತೆ ಕೆಲವನ್ನು ಬ್ರೌಸರಿನಲ್ಲಿಯೇ ಆಡಬಹುದು. ವೇಳೆಯ ಬಗ್ಗೆ ಒಂದು ಮಾತು: ಆಟಗಾರರಲ್ಲಿ ಬಹಳ ಮಂದಿ ಅಮೆರಿಕದವರಿರುವ ಆಟಗಳಲ್ಲಿ ಅವರ ಸಂಜೆ ನಮಗೆ ಬೆಳಗ್ಗೆ. ನಸುಕಿನಿಂದ ಒಂಬತ್ತು ಗಂಟೆಯೊಳಗೆ ಹೋದರೆ ಸಹಾಯಕ್ಕೆ ಜನ ಸಿಗುತ್ತಾರೆ. ನಮ್ಮ ಮಧ್ಯಾಹ್ನದ ಹೊತ್ತಿಗೆ ಅಂಥ ಊರುಗಳು ಬಿಕೋ ಎನ್ನುತ್ತಿರುತ್ತವೆ.

ಪ್ರಶ್ನೆ: ಕಷ್ಟಪಟ್ಟು ಕತ್ತಿ, ಕವಚ ಸಂಪಾದಿಸಿದ್ದೆ. ಒಂದು ಕಾಳಗದಲ್ಲಿ ಸತ್ತು ಎದ್ದಾಗ ಮೈಮೇಲೆ ಏನೂ ಇರಲಿಲ್ಲ. ಎಲ್ಲವೂ ಹೋದ ಹಾಗೆಯೇ?
– ಓದುಗ, ಗದಗ

ಉತ್ತರ: ಹೋಗಿರಲಾರದು. ಹಳೆಯ ಸಂಪ್ರದಾಯದ ಆಟಗಳಲ್ಲಿ ನೀವು ಸತ್ತ ಜಾಗದಲ್ಲಿ ನಿಮ್ಮ ಶವ ಬಿದ್ದಿರುತ್ತದೆ, ವಸ್ತುಗಳೆಲ್ಲ ಅದರೊಳಗೆ ಇರುತ್ತವೆ. ಸ್ವಲ್ಪ ಹೊತ್ತಿನ ನಂತರ ಅದು ಕೊಳೆತು ಮಾಯವಾಗುವುದರಿಂದ ತಡಮಾಡಬಾರದು. ಆದರೆ ಕೊಂದವನೂ ಅಲ್ಲಿಯೇ ಇದ್ದಾನೆಂಬುದನ್ನು ಮರೆತು ಬರಿಗೈಯಲ್ಲಿ ಓಡಿದರೆ ಎರಡನೆಯ ಶವ ಬೀಳುತ್ತದೆ. ನ್ಯೂಬಿ ಚಾನೆಲಿನಲ್ಲಿ ಯಾವ ಜಾಗದಲ್ಲಿ, ಯಾವುದರ ಕೈಯಲ್ಲಿ ಸತ್ತಿರೆಂದು ಹೇಳಿ ಸಹಾಯ ಬೇಡಿ. ಹೊಸಬರ ಶವ ತಂದುಕೊಡುವುದು ಹಳಬರಿಗೆ ಖುಷಿಯ ಕೆಲಸ. ಕೆಲವು ಆಟಗಳಲ್ಲಿ ಸಾವು ಶಾಶ್ವತ. ಸೇರುವ ಮುನ್ನ ‘ಹೆಲ್ಪ್ ಡೆತ್’ ಓದಿಕೊಳ್ಳಬೇಕಾದುದು ಇದಕ್ಕೇ.

ಪ್ರಶ್ನೆ: ನಾನು ಅಂಧ ಮಕ್ಕಳ ಶಾಲೆಯ ಶಿಕ್ಷಕಿ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಬಳಸುವ ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ಈ ಆಟಗಳು ಹೊಂದುತ್ತವೆಯೇ?
– ಒಬ್ಬ ಶಿಕ್ಷಕಿ, ಮೈಸೂರು

ಉತ್ತರ: ಹೊಂದುತ್ತವೆ. ಕಣ್ಣಿದ್ದವರೊಂದಿಗೆ ಸರಿಸಮನಾಗಿ ಆಡಬಹುದಾದ ಆನ್‌ಲೈನ್ ಆಟಗಳು ಅಪರೂಪವಾದುದರಿಂದ ಅಂಧ ಆಟಗಾರರು ದೊಡ್ಡ ಸಂಖ್ಯೆಯಲ್ಲಿ ಇತ್ತ ಬಂದಿದ್ದಾರೆ. ‘ಆಲ್ಟರ್ ಈಯಾನ್’ ಎಂಬ ಆಟ ಇದಕ್ಕಾಗಿಯೇ ಹೆಸರಾಗಿದೆ. ಏಟು, ಬಾಗಿಲು, ಮಳೆ ಇವನ್ನು ಕಿವಿಗೆ ತಿಳಿಸುವ ಧ್ವನಿಗಳ ಕಟ್ಟುಗಳೂ ಇಂಥ ಆಟಗಳಿಗೆ ಸಿಗುತ್ತವೆ. ವಿಂಡೋಸಿನಲ್ಲಿ ಉಚಿತವಾದ ಎನ್‌ವಿಡಿಎ ಸ್ಕ್ರೀನ್ ರೀಡರಿನೊಂದಿಗೆ ‘ಮಶ್‌ಕ್ಲೈಂಟ್’ ಎಂಬ ತಂತ್ರಾಂಶವನ್ನು ಅನೇಕರು ಬಳಸುತ್ತಾರೆ.

ಮೊದಲ ದಿನವೇ ಮಾಡಿಕೊಡಬೇಕಾದ ಕೆಲಸಗಳಿವೆ. ಹಲವು ಆಟಗಳು ಅಕ್ಷರ, ಗೆರೆ, ಚುಕ್ಕಿಗಳಿಂದ ಪರದೆಯ ಮೇಲೆ ನಕ್ಷೆ ಬಿಡಿಸುತ್ತವೆ. ನೋಡುವವರಿಗೆ ಅದು ದಾರಿ, ಕೇಳುವವರಿಗೆ ‘ಪೈಪ್, ಡ್ಯಾಶ್, ಡ್ಯಾಶ್, ಪೈಪ್’ ಎಂಬ ಹಿಂಸೆ. ಅದನ್ನು ನಿಲ್ಲಿಸಬೇಕು. ಸ್ಕ್ರೀನ್ ರೀಡರ್ ಬಳಸುತ್ತೀರಾ ಎಂದು ಕೆಲವು ಆಟಗಳು ಆರಂಭದಲ್ಲೇ ಕೇಳುತ್ತವೆ. ಹೌದೆಂದರೆ ನಕ್ಷೆಯೂ ಅಲಂಕಾರದ ಗೆರೆಗಳೂ ತಾನಾಗಿಯೇ ಹೋಗುತ್ತವೆ. ಪ್ರಾಂಪ್ಟನ್ನೂ ಚಿಕ್ಕದು ಮಾಡಿ, ಇಲ್ಲವಾದರೆ ಪ್ರತಿ ಹೆಜ್ಜೆಗೂ ಮೂರು ಸಂಖ್ಯೆಗಳನ್ನು ಕೇಳಬೇಕಾಗುತ್ತದೆ. ಕಾಳಗದ ವೇಳೆ ಸಾಲುಗಳು ಧ್ವನಿಗಿಂತ ವೇಗವಾಗಿ ಬರುವುದರಿಂದ ಕಂಟ್ರೋಲ್ ಕೀಲಿ ಒತ್ತಿ ಧ್ವನಿಯನ್ನು ತಡೆದು ಮುಂದಿನದಕ್ಕೆ ಹೋಗುವ ಅಭ್ಯಾಸ ಮೊದಲೇ ಇರಲಿ. ಮಕ್ಕಳಿಗೆ ಇಂಗ್ಲಿಷ್ ಓದಿನ ರೂಢಿ ಎಷ್ಟಿದೆ ಎಂಬುದು ಇಲ್ಲಿ ನಿಜಕ್ಕೂ ಮುಖ್ಯವಾಗುತ್ತದೆ. ಆರಂಭದಲ್ಲಿ ಇಬ್ಬರು ಮೂವರನ್ನು ಒಂದೇ ಕಂಪ್ಯೂಟರಿನ ಮುಂದೆ ಕೂರಿಸಿ ಒಂದೇ ಪಾತ್ರವನ್ನು ಆಡಿಸಿದರೆ ಅವರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಒಬ್ಬರೇ ಅನೇಕ ಪಾತ್ರಗಳನ್ನು ಒಟ್ಟಿಗೆ ಆಡಿಸುವುದು ಹಲವು ಆಟಗಳಲ್ಲಿ ನಿಷಿದ್ಧ. ಮುಂದೆ ಒಂದೇ ಶಾಲೆಯ ಸಂಪರ್ಕದಿಂದ ಹಲವರು ಬೇರೆಬೇರೆಯಾಗಿ ಸೇರುವುದಾದರೆ ಆಟದ ನಿರ್ವಾಹಕರಿಗೆ ಮೊದಲೇ ತಿಳಿಸಿಬಿಡಿ, ಅನುಮಾನಕ್ಕೆ ಎಡೆಯಾಗದು.

ಪ್ರಶ್ನೆ: ಹದಿನಾಲ್ಕು ವರ್ಷದ ಮಗ ಈ ಆಟಕ್ಕೆ ಸೇರಬೇಕೆನ್ನುತ್ತಾನೆ. ಅಪರಿಚಿತರ ಮಾತು, ದುಡ್ಡಿನ ಖರ್ಚು ಇವುಗಳ ಭಯವಿದೆ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಎರಡೂ ಯೋಗ್ಯವಾದ ಭಯಗಳೇ. ಮೊದಲು ಆಟದ ನಿಯಮಗಳಲ್ಲಿ ವಯಸ್ಸಿನ ಮಿತಿ ನೋಡಿ. ಪಾತ್ರಕ್ಕೆ ಮಗನ ನಿಜವಾದ ಹೆಸರಾಗಲಿ, ಊರಿನ ಹೆಸರಾಗಲಿ ಬೇಡ. ಇತರರು ಪ್ರತಿಸಲವೂ ಟೈಪ್ ಮಾಡಬೇಕಾದುದರಿಂದ ಚಿಕ್ಕ ಹೆಸರನ್ನೇ ಇಡಿ. ಕಾಡುವವರ ಮಾತು ಕಾಣದಂತೆ ಮಾಡಲು ‘ಇಗ್ನೋರ್’ ಆಜ್ಞೆಯಿದೆ. ನಿರ್ವಾಹಕರನ್ನು ಡಿಕು ವಂಶದಲ್ಲಿ ‘ಇಮ್ಮಾರ್ಟಲ್’ ಎಂದೂ, ಸ್ವೀಡನ್ನಿನಲ್ಲಿ 1989ರಲ್ಲಿ ಹುಟ್ಟಿದ ಎಲ್‌ಪಿಮಡ್ ವಂಶದಲ್ಲಿ ‘ವಿಝರ್ಡ್’ ಎಂದೂ ಕರೆಯುತ್ತಾರೆ. ದೂರು ಕೊಡಬೇಕಾದುದು ಅವರಿಗೆ.

ಪಾಸ್‌ವರ್ಡ್ ವಿಷಯ ಇವೆಲ್ಲಕ್ಕಿಂತ ಮುಖ್ಯ, ಆದರೂ ಅದನ್ನು ಯಾರೂ ಕೇಳುವುದಿಲ್ಲ. ಈ ಆಟಗಳು ಬಳಸುವ ಟೆಲ್‌ನೆಟ್ ಪದ್ಧತಿ ಬಹಳ ಹಳೆಯದು. ಅದರಲ್ಲಿ ನೀವು ಟೈಪ್ ಮಾಡಿದ ಪಾಸ್‌ವರ್ಡ್ ಯಾವ ಗೂಢಲಿಪಿಯೂ ಇಲ್ಲದೆ ಹಾಗೆಯೇ ಸಾಗುತ್ತದೆ. ಇಮೇಲ್, ಬ್ಯಾಂಕ್ ಅಥವಾ ಬೇರಾವುದೇ ಖಾತೆಗೆ ಬಳಸುವ ಪಾಸ್‌ವರ್ಡನ್ನು ಇಲ್ಲಿ ಕೊಡಲೇಬಾರದು. ಸುರಕ್ಷಿತ ಸಂಪರ್ಕ ಒದಗಿಸುವ ಆಟಗಳೂ ಇವೆ, ಇದ್ದಲ್ಲಿ ಅದನ್ನೇ ಆರಿಸಿ. ಖರ್ಚಿನ ಬಗ್ಗೆ ಹೇಳುವುದಾದರೆ, 1997ರಲ್ಲಿ ಆರಂಭವಾದ ಅಕೀಯಾ ಉಚಿತವಾಗಿದ್ದರೂ ‘ಕ್ರೆಡಿಟ್’ಗಳನ್ನು ಮಾರುತ್ತದೆ, ಅಲ್ಲಿ ದುಡ್ಡಿಗೆ ಬಲ ಸಿಗುತ್ತದೆ, ಆರ್ಡ್‌ವುಲ್ಫ್ ದೇಣಿಗೆಯ ಮೇಲೆ ನಡೆಯುತ್ತದೆ. ಹುಡುಗನಿಗೆ ಎರಡನೆಯ ಬಗೆಯದೇ ಒಳಿತು.

ಪ್ರಶ್ನೆ: ಈ ಆಟಗಳಲ್ಲಿ ಕನ್ನಡದಲ್ಲಿ ಮಾತಾಡಬಹುದೇ? ಕನ್ನಡದ್ದೇ ಒಂದನ್ನು ಕಟ್ಟಲು ಬರುತ್ತದೆಯೇ?
– ಆರ್. ಎನ್., ಧಾರವಾಡ

ಉತ್ತರ: ಹಳೆಯ ಆಟಗಳಲ್ಲಿ ಬಹಳಷ್ಟು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಅರಿಯುವುದರಿಂದ ಕನ್ನಡ ಅಕ್ಷರಗಳು ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಇಬ್ಬರು ಕನ್ನಡಿಗರು ‘ಟೆಲ್’ ಮೂಲಕ ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಹರಟಲು ಅಡ್ಡಿಯಿಲ್ಲ. ಎಲ್ಲರಿಗೂ ಕೇಳುವ ಚಾನೆಲ್‌ಗಳಲ್ಲಿ ಮಾತ್ರ ಕೆಲವು ಆಟಗಳು ಇಂಗ್ಲಿಷನ್ನೇ ಕಡ್ಡಾಯ ಮಾಡಿವೆ.

ಕಟ್ಟುವುದಾದರೆ ಪೈಥಾನ್ ಭಾಷೆಯಲ್ಲಿರುವ, ಉಚಿತವಾದ ‘ಎವೆನಿಯಾ’ ಎಂಬ ಚೌಕಟ್ಟನ್ನು ನೋಡಿ. ಅದು ಕನ್ನಡದಂಥ ಲಿಪಿಗಳನ್ನೂ ಒಳಗೊಂಡ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡನ್ನು ಅರಿಯುತ್ತದೆ, ಬ್ರೌಸರಿನಲ್ಲೇ ಆಡುವ ಅನುಕೂಲವನ್ನೂ ಜೊತೆಗೇ ಕೊಡುತ್ತದೆ. ಬರೀ ಅಕ್ಷರಗಳನ್ನು ತೋರಿಸುವ ಟರ್ಮಿನಲ್ ಪರದೆಗಳು ಅಕ್ಷರಕ್ಕೊಂದು ಚೌಕದಂತೆ ಲೆಕ್ಕಹಾಕುವುದರಿಂದ ನಮ್ಮ ಒತ್ತಕ್ಷರಗಳು ಅಲ್ಲಿ ಚೆದುರುತ್ತವೆ. ಬ್ರೌಸರಿನಲ್ಲಿ ಆ ಕಾಟವಿಲ್ಲ. ಹೆಚ್ಚಿನ ಕೆಲಸವಿರುವುದು ಆಜ್ಞೆಗಳಲ್ಲಿ. ಇಂಗ್ಲಿಷ್ ಆಟಗಳು ಮೊದಲ ಪದವನ್ನೇ ಕ್ರಿಯೆಯೆಂದು ತಿಳಿಯುತ್ತವೆ. ‘ಪೆಟ್ಟಿಗೆಯಿಂದ ಕತ್ತಿಯನ್ನು ತೆಗೆ’ ಎಂದರೆ ಕ್ರಿಯೆ ಕೊನೆಯಲ್ಲಿದೆ, ‘ಇಂದ’, ‘ಅನ್ನು’ ಎಂಬ ಪ್ರತ್ಯಯಗಳು ನಾಮಪದಕ್ಕೆ ಅಂಟಿಕೊಂಡಿವೆ. ಕೊನೆಯ ಪದದಿಂದ ಓದಲು ಆರಂಭಿಸಿ, ವಿಭಕ್ತಿಯನ್ನು ಬಿಡಿಸಿ ವಸ್ತುವನ್ನು ಗುರುತಿಸುವ ಪ್ರೋಗ್ರಾಮನ್ನು ನೀವೇ ಬರೆಯಬೇಕಾಗುತ್ತದೆ. ‘ನೋಡು’, ‘ಉತ್ತರ’, ‘ಹೇಳು’ ಎಂಬ ಒಂದೊಂದೇ ಪದದ ಆಜ್ಞೆಗಳಿರುವ ಹತ್ತು ಕೋಣೆಗಳ ಆಟವನ್ನು ಮೊದಲು ಕಟ್ಟಿ, ನಾಲ್ಕು ಜನರನ್ನು ಒಳಗೆ ಬಿಟ್ಟು ಅವರು ಏನೇನು ಟೈಪ್ ಮಾಡುತ್ತಾರೆಂಬುದನ್ನು ದಾಖಲಿಸಿಕೊಳ್ಳಿ. ಮುಂದೆ ಯಾವ ವಿಭಕ್ತಿಗಳನ್ನು ಮೊದಲು ಬಿಡಿಸಬೇಕೆಂಬುದು ಆ ದಾಖಲೆಯಿಂದಲೇ ತಿಳಿಯುತ್ತದೆ.