ಬಳ್ಳಾರಿ ಊರಾಚೆಯ ಲೇಔಟಿನಲ್ಲಿ ನಾಲ್ಕೇ ಮನೆ ಇವೆ, ಅಲ್ಲಿ ಮನೆ ಕಟ್ಟಿಕೊಂಡು ಇರಬಹುದಾ?

ನೀವು ಕೇಳಿರುವುದು ಇಷ್ಟು. ಬಳ್ಳಾರಿಯಿಂದ ಏಳೆಂಟು ಕಿಲೋಮೀಟರ್ ಆಚೆ ಒಂದು ಲೇಔಟಿನಲ್ಲಿ 30x40 ಅಡಿಯ ಸೈಟ್ ಕಡಿಮೆ ರೇಟಿಗೆ ಬಂದಿದೆ, ಸದ್ಯಕ್ಕೆ ನಾಲ್ಕೇ ಮನೆ ಇವೆ, ಎರಡು ವರ್ಷದಲ್ಲಿ ಎಲ್ಲಾ ತುಂಬಿಬಿಡುತ್ತದೆ ಅಂತ ಏಜೆಂಟ್ ಹೇಳುತ್ತಿದ್ದಾರೆ, ಹೆಂಡತಿ ಮಕ್ಕಳ ಜೊತೆ ಹೋಗಿ ಇರಬಹುದಾ ಅಂತ.

ನಾನು ಸಿರುಗುಪ್ಪ ರಸ್ತೆ ಕಡೆ ಅಂಥದ್ದೇ ಜಾಗದಲ್ಲಿ ಆರು ವರ್ಷದಿಂದ ಇದ್ದೇನೆ. ಇರಬಹುದು. ಆದರೆ ತುಂಬುತ್ತದೆ ಅನ್ನುವ ಮಾತನ್ನು ನಂಬಿಕೊಂಡು ಮಾತ್ರ ಹೋಗಬೇಡಿ. ನಾವು ಬಂದಾಗ ಐದು ಮನೆ ಇದ್ದವು, ಈಗ ಒಂಬತ್ತು. ಸೈಟ್‌ಗಳು ಆಗಲೇ ಎಲ್ಲಾ ಮಾರಾಟ ಆಗಿದ್ದವು! ಸೈಟ್ ಖರ್ಚಾಯಿತು ಅಂದರೆ ಮನೆ ಏಳುತ್ತದೆ ಅಂತ ಅಲ್ಲ. ತಗೊಂಡವರಲ್ಲಿ ಒಬ್ಬರು ತೋರಣಗಲ್ಲಿನಲ್ಲಿ ಕೆಲಸ ಮಾಡುತ್ತಾರೆ, ಒಬ್ಬರು ಬೆಂಗಳೂರಿನಲ್ಲಿದ್ದಾರೆ, ಇನ್ನೊಬ್ಬರು ಮಗಳ ಮದುವೆಗೆ ಆಗುತ್ತದೆ ಅಂತ ಇಟ್ಟುಕೊಂಡಿದ್ದಾರೆ. ಅವರಿಗೆ ಅದು ಬ್ಯಾಂಕಿನಲ್ಲಿಟ್ಟ ದುಡ್ಡು. ವರ್ಷಕ್ಕೊಮ್ಮೆ ಬಂದು ಗಡಿ ಕಲ್ಲು ಅಲ್ಲೇ ಇದೆಯಾ ಅಂತ ನೋಡಿಕೊಂಡು ಹೋಗುತ್ತಾರೆ. ತಪ್ಪು ಅಂತ ಹೇಳುತ್ತಿಲ್ಲ, ಆದರೆ ಅವರ ಖಾಲಿ ಸೈಟಿನ ಪಕ್ಕ ಬದುಕುವವರು ನಾವು.

ಖಾಲಿ ಸೈಟ್ ಖಾಲಿಯಾಗಿ ಇರುವುದಿಲ್ಲ. ಒಂದೇ ಮಳೆಗಾಲ ಸಾಕು, ಜಾಲಿ ಬರುತ್ತದೆ. ಇಡೀ ನಾಡಿನಲ್ಲಿ ಅದಕ್ಕೆ ನಮ್ಮೂರ ಹೆಸರೇ ಇದೆ, ಬಳ್ಳಾರಿ ಜಾಲಿ ಅಂತ. ಮೇಲೆ ಕಡಿದರೆ ಬುಡದಿಂದ ನಾಲ್ಕು ಕವಲು ಹೊಡೆಯುತ್ತದೆ, ಬೇರು ಸಮೇತ ಜೆಸಿಬಿಯಲ್ಲಿ ಕೀಳಿಸಬೇಕು, ಆದರೆ ಬೇರೆಯವರ ಸೈಟಿನಲ್ಲಿ ನಾವು ಹೇಗೆ ಕೀಳಿಸುವುದು? ಅದರ ಮುಳ್ಳು ಬೈಕಿನ ಟೈರು ದಾಟಿ ಟ್ಯೂಬಿಗೆ ಇಳಿಯುತ್ತದೆ. ಮೊದಲ ವರ್ಷ ನನಗೆ ತಿಂಗಳಿಗೆ ಎರಡು ಪಂಕ್ಚರ್ ಗ್ಯಾರಂಟಿ ಇತ್ತು. ಜಾಲಿ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಬೇಸಿಗೆಯಲ್ಲಿ ಎರೆ ಭೂಮಿ ಬಾಯಿ ಬಿಡುತ್ತದಲ್ಲ, ಆ ಬಿರುಕಲ್ಲೇ ಅವುಗಳ ಮನೆ. ನಾಗರಹಾವು, ಕೊಳಕುಮಂಡಲ ಎರಡನ್ನೂ ನಮ್ಮ ಗೇಟಿನ ಹತ್ತಿರವೇ ನೋಡಿದ್ದೇವೆ. ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ, ಯಾರಿಗಾದರೂ ಕಚ್ಚಿದರೆ ಮಂತ್ರ ಗಿಂತ್ರ ಅಂತ ಹೊತ್ತು ಕಳೆಯದೆ ನೇರ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ (ಮೊದಲು ವಿಮ್ಸ್ ಅನ್ನುತ್ತಿದ್ದದ್ದು) ಹೋಗಿ.

ಈಗ ನೀರು. ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಬಳ್ಳಾರಿಗೆ ಕುಡಿಯುವ ನೀರು ಬರುವುದು ತುಂಗಭದ್ರಾ ಕಾಲುವೆಯಿಂದ. ಅಲ್ಲೀಪುರ, ಮೋಕಾ ಕೆರೆಗಳಲ್ಲಿ ತುಂಬಿಸಿಟ್ಟು, ಕಾಲುವೆ ನಿಂತ ತಿಂಗಳುಗಳಲ್ಲಿ ಅದನ್ನೇ ಬಿಡುತ್ತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ದಿನ, ನೀರು ಸಿಗುವುದಿಲ್ಲವೇನೋ ಅಂತ ಊರೊಳಗಿನವರೂ ಡ್ರಮ್ಮು ಹುಡುಕಿಕೊಂಡು ಓಡಾಡಿದ್ದರು. ಊರೊಳಗೇ ಹೀಗೆ ಅಂದಮೇಲೆ ಪೈಪೇ ಬಾರದ ಲೇಔಟಿನ ಕಥೆ ಯೋಚಿಸಿ. ನಮಗೆ ಸೈಟ್ ಮಾರಿದವರು ಓವರ್‌ಹೆಡ್ ಟ್ಯಾಂಕ್ ಕಟ್ಟಿಸುತ್ತೇವೆ ಅಂದಿದ್ದರು, ಆರು ವರ್ಷ ಆಯಿತು, ನಾಲ್ಕು ಕಂಬ ಎದ್ದು ನಿಂತಿವೆ ಅಷ್ಟೇ. ಬೋರ್ ನೀರು ಉಪ್ಪು. ಪಾತ್ರೆ ತೊಳೆದರೆ ಬಿಳಿ ಕಲೆ ಉಳಿಯುತ್ತದೆ, ಬೇಳೆ ಬೇಯುವುದಿಲ್ಲ. ಬಳಸೋಕೆ ಟ್ಯಾಂಕರ್ ತರಿಸುತ್ತೇವೆ, ಕುಡಿಯೋಕೆ ಹತ್ತಿರದ ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬೈಕಿನ ಮುಂದೆ ಇಟ್ಟುಕೊಂಡು ಬರುತ್ತೇನೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಟ್ಯಾಂಕರಿನವರು ಫೋನ್ ಎತ್ತುವುದಿಲ್ಲ. ಹಾಗಾಗಿ ಮನೆ ಚಿಕ್ಕದಾದರೂ ಪರವಾಗಿಲ್ಲ, ಸಂಪು ದೊಡ್ಡದು ಮಾಡಿಸಿ. ನಾನು ಒಂದು ರೂಮು ಬಿಟ್ಟು ಸಂಪಿಗೆ ದುಡ್ಡು ಹಾಕಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಪಾಯದ ವಿಷಯವೂ ಹೇಳಿಬಿಡುತ್ತೇನೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗಟ್ಟಿ ಗರಸು ಸಿಗೋವರೆಗೂ ಅಗೆಸಿ. ಮನೆಗೆ ಹಾಗೇ ಮಾಡಿಸಿದೆ, ಒಂದು ಬಿರುಕೂ ಇಲ್ಲ. ಕಾಂಪೌಂಡಿಗೆ ಮೇಸ್ತ್ರಿ ಬೇಡ ಅಂದರೂ ಎರಡೇ ಅಡಿ ಹಾಕಿಸಿದೆ, ಎರಡನೇ ಬೇಸಿಗೆಗೆ ಮೂಲೆಯಲ್ಲಿ ನನ್ನ ಬೆರಳು ಹೋಗುವಷ್ಟು ಬಿಟ್ಟುಕೊಂಡಿತು.

ಕಾಗದಪತ್ರ ವಕೀಲರಿಗೆ ತೋರಿಸಿ. ಭೂ ಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ, ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯ್ತಿ ಕೊಡುವ ಆಸ್ತಿ ದಾಖಲೆಗಳಾದ ಫಾರಂ 9 ಮತ್ತು 11ಎ ಕೇಳಿ. ಅದರ ಬದಲು ಒಪ್ಪಿಗೆ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಅಲ್ಲೇ ನಿಲ್ಲಿಸಿ.

ಇಷ್ಟೆಲ್ಲ ಹೇಳಿದವನು ನೀನ್ಯಾಕೆ ಅಲ್ಲೇ ಇದ್ದೀಯ ಅಂತ ಕೇಳಬಹುದು. ರಾತ್ರಿ ಎಂಟಾದ ಮೇಲೆ ಹತ್ತಿ, ಮೆಣಸಿನಕಾಯಿ ಹೊಲದ ಕಡೆಯಿಂದ ಗಾಳಿ ಬೀಸುತ್ತದೆ. ಮಾಳಿಗೆ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಕಿದರೆ ಊರೊಳಗೆ ಕೂಲರ್ ಹಾಕಿಕೊಂಡವರಿಗೂ ಅಂಥ ನಿದ್ದೆ ಬರುವುದಿಲ್ಲ. ಮತ್ತೆ ಜನ. ಹೋದ ವರ್ಷ ಮೇನಲ್ಲಿ ಗಾಳಿಮಳೆಗೆ ಕಂಬ ಬಿದ್ದು ಎರಡು ರಾತ್ರಿ ಕರೆಂಟ್ ಇರಲಿಲ್ಲ. ನಾನು ಡ್ಯೂಟಿಯಲ್ಲಿದ್ದೆ. ಮೂರು ಖಾಲಿ ಸೈಟ್ ಆಚೆಗಿರುವ ಮನೆಯವರು "ಅಕ್ಕಾ, ಹುಡುಗ್ರನ್ನ ಕರ್ಕೊಂಡು ಇಲ್ಲೇ ಬಂದುಬಿಡ್ರಿ" ಅಂತ ನನ್ನ ಹೆಂಡತಿಗೆ ಕೂಗಿ ಹೇಳಿದ್ದಾರೆ. ನಾನು ಬೆಳಿಗ್ಗೆ ಬಂದಾಗ ಎರಡೂ ಮನೆಯ ಮಕ್ಕಳು ಸಾಲಾಗಿ ಕೂತು ಒಗ್ಗಾಣಿ ತಿನ್ನುತ್ತಿದ್ದವು. ಊರೊಳಗೆ ಹನ್ನೊಂದು ವರ್ಷ ಬಾಡಿಗೆಗೆ ಇದ್ದೆ, ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ.

ಆದ್ದರಿಂದ ಸೈಟ್ ನೋಡೋಕೆ ಬೆಳಿಗ್ಗೆ ಏಜೆಂಟ್ ಕಾರಿನಲ್ಲಿ ಹೋಗಬೇಡಿ. ಸಂಜೆ ಏಳಕ್ಕೆ ನಿಮ್ಮ ಬೈಕಿನಲ್ಲಿ, ಮನೆಯವರನ್ನೂ ಕೂರಿಸಿಕೊಂಡು ಹೋಗಿ. ಎಷ್ಟು ಕಿಟಕಿಯಲ್ಲಿ ಲೈಟ್ ಉರಿಯುತ್ತಿದೆ ಎಣಿಸಿ. ನಾಲ್ಕು ಮನೆ ಅಂದಿರಲ್ಲ, ಅದರಲ್ಲಿ ಒಂದರ ಬಾಗಿಲು ತಟ್ಟಿ, ನೀರಿಗೆ ಏನು ಮಾಡುತ್ತೀರಿ, ಸಂಪು ತೋರಿಸಿ ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮನೆ ಬರಲಿ ಅಂತ ನಾವೆಲ್ಲ ಕಾಯುತ್ತಲೇ ಇರುತ್ತೇವೆ, ಟೀ ಕುಡಿಸಿಯೇ ಕಳಿಸುತ್ತಾರೆ.